ಬೀ ಅಮ್ಮಾ ಮತ್ತು ಮೌಲಾನಾ ಮುಹಮ್ಮದ್ ಅಲಿ

ತಾಯಿ ಮತ್ತು ಮಗನ ಹೆಸರನ್ನು ಒಟ್ಟಿಗೇ ನೆನೆಯುವ ಪ್ರಸಂಗಗಳು ನಮ್ಮ ಇತಿಹಾಸದಲ್ಲಿ ಹಲವಿವೆ. ಹಿಜರಿ 73ರಲ್ಲಿ ಮಕ್ಕಾ ಮುತ್ತಿಗೆಗೆ ಒಳಗಾಗಿದ್ದಾಗ ಅಬ್ದುಲ್ಲಾ ಬಿನ್ ಝುಬೈರ್(ರ) ತಮ್ಮ ವೃದ್ಧ ತಾಯಿ ಹಝ್ರತ್ ಅಸ್ಮಾ(ರ)ರ ಬಳಿ ಸಲಹೆ ಕೇಳಲು ಹೋದರು. ನೀನು ಸತ್ಯದ ಮೇಲಿದ್ದೀ ಎಂಬುದು ನಿನಗೆ ಖಚಿತವಿದ್ದರೆ ಹಿಂದೆ ಸರಿಯಬೇಡ ಎಂದು ಆ ತಾಯಿ ಹೇಳಿ ಕಳಿಸಿದರು. ಈ ಘಟನೆಯನ್ನು ನಾವು ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಆದರೆ ನಮ್ಮದೇ ದೇಶದಲ್ಲಿ, ಕೇವಲ ನೂರು ವರ್ಷಗಳ ಹಿಂದೆ, ಅದೇ ದಾರಿಯಲ್ಲಿ ನಡೆದ ತಾಯಿ ಮಗನನ್ನು ನಮ್ಮ ಮನೆಗಳಲ್ಲಿ ನೆನೆಯುವವರು ಕಡಿಮೆ. ಆ ತಾಯಿ ಆಬಾದಿ ಬಾನೂ ಬೇಗಂ. ಜನ ಅವರನ್ನು ಪ್ರೀತಿಯಿಂದ ಬೀ ಅಮ್ಮಾ ಎಂದು ಕರೆದರು. ಮಗ ಮೌಲಾನಾ ಮುಹಮ್ಮದ್ ಅಲಿ ಜೌಹರ್.

ಮುಹಮ್ಮದ್ ಅಲಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ರಾಮಪುರ ಸಂಸ್ಥಾನದಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಇನ್ನೂ ಯೌವನದಲ್ಲಿದ್ದ ತಾಯಿ ಮರುಮದುವೆಯಾಗಲಿಲ್ಲ, ಮಕ್ಕಳಿಗಾಗಿಯೇ ಬದುಕಿದರು. ಅವರಿಗೆ ಓದುಬರಹ ಅಷ್ಟಾಗಿ ತಿಳಿದಿರಲಿಲ್ಲ. ಆದರೆ ಮಕ್ಕಳು ಹೊಸ ಕಾಲದ ವಿದ್ಯೆ ಕಲಿಯಲೇಬೇಕೆಂಬ ಹಟ ಅವರಿಗಿತ್ತು. ಇಂಗ್ಲಿಷ್ ಕಲಿತರೆ ಮಕ್ಕಳ ದೀನ್ ಕೆಡುತ್ತದೆ ಎಂದು ನಂಬಿದ್ದ ಕಾಲವದು. ಆಸ್ತಿ ನೋಡಿಕೊಳ್ಳುತ್ತಿದ್ದ ಮೈದುನ, ಮನೆಯ ಒಬ್ಬ ಹುಡುಗ ಕೆಟ್ಟದ್ದು ಸಾಲದೇ ಎಂದು ಖರ್ಚಿಗೆ ಹಣ ಕೊಡಲು ಒಪ್ಪಲಿಲ್ಲ. ತಾಯಿ ಜಗಳಕ್ಕೆ ಹೋಗಲಿಲ್ಲ. ಯಾರಿಗೂ ತಿಳಿಯದಂತೆ ತನ್ನ ಒಡವೆಗಳನ್ನು ಅಡವಿಟ್ಟು ಮಗನನ್ನು ಬರೇಲಿಯ ಶಾಲೆಗೆ ಕಳಿಸಿದರು. ಅಲ್ಲಿಂದ ಅಲೀಗಢ, 1898ರಲ್ಲಿ ಆಕ್ಸ್‌ಫರ್ಡ್. ಜೈಲಿನಲ್ಲಿ ಕುಳಿತು ಬರೆದ ಆತ್ಮಕಥನದಲ್ಲಿ ಮಗ ಈ ಒಡವೆಗಳ ಕತೆಯನ್ನು ಮರೆಯದೆ ದಾಖಲಿಸಿದ್ದಾರೆ. ತಾನು ಕಂಡ ಎಲ್ಲ ವಿದ್ವಾಂಸರಿಗಿಂತ ತನ್ನ ತಾಯಿಯೇ ಹೆಚ್ಚು ವಿವೇಕಿ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇಷ್ಟು ಕಷ್ಟಪಟ್ಟು ಓದಿಸಿದ ಮಗ ಮುಂದೆ ಆರಾಮದ ದಾರಿ ಹಿಡಿಯಲಿಲ್ಲ. ಬರೋಡಾ ಸಂಸ್ಥಾನದ ನೌಕರಿ ಬಿಟ್ಟು 1911ರ ಜನವರಿಯಲ್ಲಿ ಕಲ್ಕತ್ತೆಯಿಂದ 'ಕಾಮ್ರೇಡ್' ಎಂಬ ಇಂಗ್ಲಿಷ್ ವಾರಪತ್ರಿಕೆ ಆರಂಭಿಸಿದರು. ನಂತರ ದಿಲ್ಲಿಯಿಂದ ಉರ್ದುವಿನಲ್ಲಿ 'ಹಮ್‌ದರ್ದ್' ಹೊರಟಿತು. ಮಹಾಯುದ್ಧದ ಹೊತ್ತಿನಲ್ಲಿ ತುರ್ಕಿಯ ಬಗ್ಗೆ ಬರೆದ ಲೇಖನಕ್ಕಾಗಿ ಸರಕಾರ ಪತ್ರಿಕೆಯ ಠೇವಣಿ ಮುಟ್ಟುಗೋಲು ಹಾಕಿತು. 1915ರ ಮೇಯಲ್ಲಿ ಮುಹಮ್ಮದ್ ಅಲಿ ಮತ್ತು ಅಣ್ಣ ಶೌಕತ್ ಅಲಿ ಇಬ್ಬರನ್ನೂ ನಜರ್‌ಬಂದಿಯಲ್ಲಿಟ್ಟರು. ಮೆಹ್ರೌಲಿ, ಲ್ಯಾನ್ಸ್‌ಡೌನ್, ಛಿಂದ್ವಾಡಾ ಎಂದು ಊರು ಬದಲಾಯಿತು. ನಾಲ್ಕೂವರೆ ವರ್ಷ ಹೀಗೆಯೇ ಕಳೆಯಿತು. ವಯಸ್ಸಾದ ತಾಯಿ ಛಿಂದ್ವಾಡಾದಲ್ಲಿ ಮಕ್ಕಳ ಜೊತೆಗಿದ್ದರು.

1917ರಲ್ಲಿ ಸರಕಾರದ ಕಡೆಯಿಂದ ಒಂದು ಮುಚ್ಚಳಿಕೆ ಬಂತು. ಅದಕ್ಕೆ ಸಹಿ ಹಾಕಿದರೆ ಬಿಡುಗಡೆ. ಪರದೆಯ ಹಿಂದೆ ಕುಳಿತಿದ್ದ ಬೀ ಅಮ್ಮಾ ಬಂದ ಅಧಿಕಾರಿಗೆ ನೇರವಾಗಿ ಹೇಳಿದರು: ಕಷ್ಟ ತಾಳಲಾರದೆ ನನ್ನ ಮಕ್ಕಳು ದೀನ್‌ಗೆ ಮತ್ತು ದೇಶಕ್ಕೆ ವಿರುದ್ಧವಾದ ಮಾತಿಗೆ ಒಪ್ಪಿದರೆ, ಈ ಮುದಿ ಕೈಗಳಿಗೆ ಅವರ ಕತ್ತು ಹಿಸುಕುವಷ್ಟು ಬಲವನ್ನು ಅಲ್ಲಾಹನು ಕೊಡುತ್ತಾನೆ. ಬಿಡುಗಡೆ ಆಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ಮುಸ್ಲಿಂ ಲೀಗ್ ಅಧಿವೇಶನಕ್ಕೆ ಬಂಧನದಲ್ಲಿದ್ದ ಮಗನನ್ನೇ ಅಧ್ಯಕ್ಷನನ್ನಾಗಿ ಆರಿಸಿದ್ದರು. ಅವರ ಕುರ್ಚಿ ಖಾಲಿಯಿತ್ತು. ಆ ಸಭೆಯಲ್ಲಿ ಮಗನ ಪರವಾಗಿ ಮಾತಾಡಿದ್ದು ಬುರ್ಖಾ ಧರಿಸಿದ್ದ ಈ ತಾಯಿ.

ಬಿಡುಗಡೆಯ ನಂತರ ಖಿಲಾಫತ್ ಮತ್ತು ಅಸಹಕಾರ ಚಳವಳಿ ಜೊತೆಯಾಗಿ ಸಾಗಿದವು. 1920ರ ಆಗಸ್ಟಿನಲ್ಲಿ ಗಾಂಧೀಜಿಯವರ ಜೊತೆ ಮಂಗಳೂರು, ಬೆಂಗಳೂರಿಗೆ ಬಂದವರು ಬೀ ಅಮ್ಮಾರ ಇನ್ನೊಬ್ಬ ಮಗ ಶೌಕತ್ ಅಲಿಯೇ. ಅದೇ ಅಕ್ಟೋಬರ್ 29ರಂದು ಅಲೀಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು. ಅದರ ಮೊದಲ ಕುಲಪತಿ ಮುಹಮ್ಮದ್ ಅಲಿ. 1921ರಲ್ಲಿ ಕರಾಚಿಯ ಮೊಕದ್ದಮೆಯಲ್ಲಿ ಸಹೋದರರಿಗೆ ಎರಡು ವರ್ಷ ಕಠಿಣ ಸಜೆಯಾಯಿತು.

ಆಗ ತಾಯಿಗೆ ಎಪ್ಪತ್ತು ದಾಟಿತ್ತು. ಮಕ್ಕಳು ಜೈಲಿಗೆ ಹೋದರೆಂದು ಅಳುತ್ತಾ ಮೂಲೆ ಸೇರಲಿಲ್ಲ. ಊರೂರು ತಿರುಗಿದರು, ಖಿಲಾಫತ್ ನಿಧಿಗೆ ಹಣ ಕೂಡಿಸಿದರು, ಹೆಂಗಸರಿಗೆ ಖಾದಿ ಉಡಲು ಹೇಳಿದರು, ಹಿಂದೂ ಮುಸ್ಲಿಮರು ಒಂದಾಗಿರಬೇಕೆಂದು ಸಾರಿದರು. ಬದುಕಿನುದ್ದಕ್ಕೂ ಪರದೆಯಲ್ಲಿದ್ದ ಅವರು ಪಂಜಾಬಿನ ಸಭೆಯೊಂದರಲ್ಲಿ ಮುಖದ ಪರದೆ ಸರಿಸಿ, ನೀವೆಲ್ಲರೂ ನನ್ನ ಮಕ್ಕಳೇ, ಮಕ್ಕಳ ಮುಂದೆ ಪರದೆ ಯಾಕೆ ಎಂದರು. ಅವರ ಹೆಸರಿನ ಹಾಡೊಂದು ಉತ್ತರ ಭಾರತದ ಬೀದಿಬೀದಿಗಳಲ್ಲಿ ಕೇಳಿಬರುತ್ತಿತ್ತು.

1924 ಆ ಮನೆಗೆ ದುಃಖದ ವರ್ಷ. ಮಾರ್ಚಿನಲ್ಲಿ ತುರ್ಕಿಯೇ ಖಿಲಾಫತನ್ನು ರದ್ದು ಮಾಡಿತು. ಯಾವುದಕ್ಕಾಗಿ ಇಷ್ಟೆಲ್ಲ ಸವೆದರೋ ಅದೇ ಇಲ್ಲವಾಯಿತು. ಅದೇ ತಿಂಗಳು ಮುಹಮ್ಮದ್ ಅಲಿಯವರ ಮಗಳು ಆಮಿನಾ ತೀರಿಕೊಂಡಳು. ನವೆಂಬರ್ 13ರಂದು ದಿಲ್ಲಿಯಲ್ಲಿ ಬೀ ಅಮ್ಮಾ ಕಣ್ಣು ಮುಚ್ಚಿದರು. ಗಾಂಧೀಜಿ ಮತ್ತು ಸರೋಜಿನಿ ನಾಯ್ಡು ಕೊನೆಯ ಹೊತ್ತಿನಲ್ಲಿ ಅಲ್ಲಿಗೆ ಧಾವಿಸಿದ್ದರು. ತನ್ನ ಕಫನ್ ಕೂಡ ಖಾದಿಯದೇ ಆಗಿರಬೇಕೆಂದು ಆಕೆ ವಸಿಯ್ಯತ್ ಮಾಡಿದ್ದರು. ಅದಾಗಿ ಒಂದೂವರೆ ತಿಂಗಳಿಗೆ, ಡಿಸೆಂಬರ್ 26ರಂದು, ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಲ್ಲಿ ಗಾಂಧೀಜಿ ವಹಿಸಿಕೊಂಡ ಅಧ್ಯಕ್ಷ ಪದವಿ ಅದುವರೆಗೆ ಮುಹಮ್ಮದ್ ಅಲಿಯವರ ಬಳಿಯಿತ್ತು.

ಮುಂದೆ ಅವರು ಕಾಂಗ್ರೆಸ್‌ನಿಂದ ದೂರವಾದರು, ಹಳೆಯ ಗೆಳೆಯರೊಡನೆ ಭಿನ್ನಾಭಿಪ್ರಾಯ ಬೆಳೆಯಿತು. ಸಕ್ಕರೆ ಕಾಯಿಲೆ ದೇಹವನ್ನು ಹಿಂಡಿತ್ತು. ಆದರೂ 1930ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್‌ಗೆ ಹೋದರು. ಸ್ವಾತಂತ್ರ್ಯ ಸಿಗದಿದ್ದರೆ ಗುಲಾಮ ದೇಶಕ್ಕೆ ಮರಳುವುದಿಲ್ಲ, ಇಲ್ಲಿಯೇ ನನಗೊಂದು ಕಬರ್ ಕೊಡಿ ಎಂಬ ಅರ್ಥದ ಮಾತನ್ನು ಅಲ್ಲಿ ಆಡಿದರು. 1931ರ ಜನವರಿ 4ರಂದು ಅಲ್ಲಿಯೇ ಅಲ್ಲಾಹನ ಕರೆಗೆ ಓಗೊಟ್ಟರು. ಅವರ ದಫನ್ ನಡೆದದ್ದು ಜೆರುಸಲೇಮಿನಲ್ಲಿ, ಮಸ್ಜಿದುಲ್ ಅಕ್ಸಾದ ಆವರಣದ ಬಳಿ. ತಾಯಿಗೆ ದಿಲ್ಲಿಯ ಮಣ್ಣು, ಮಗನಿಗೆ ಬೈತುಲ್ ಮಕ್ದಿಸ್‌ನ ಮಣ್ಣು.

ಇಂದು ಮಕ್ಕಳ ಓದಿಗಾಗಿ ಒಡವೆ ಅಡವಿಡುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ತ್ಯಾಗ ಸಣ್ಣದಲ್ಲ. ಆದರೆ ಓದಿ ಮುಗಿಸಿದ ಮಗ ಅಥವಾ ಮಗಳು ನ್ಯಾಯದ ಪರವಾಗಿ ಒಂದು ಮಾತಾಡಲು ಹೊರಟಾಗ, ನಿನಗೇಕೆ ಇದೆಲ್ಲ, ನಿನ್ನ ನೌಕರಿ ನೋಡಿಕೋ ಎಂದು ಬಾಯಿ ಮುಚ್ಚಿಸುವವರೂ ನಾವೇ. ಬೀ ಅಮ್ಮಾ ಮಗನ ಫೀಸಿಗೆ ಒಡವೆ ಕೊಟ್ಟರು. ಪರೀಕ್ಷೆಯ ಹೊತ್ತು ಬಂದಾಗ ಮುಚ್ಚಳಿಕೆಗೆ ಸಹಿ ಹಾಕಬೇಡ ಎಂದರು. ಮೊದಲನೆಯದನ್ನು ನಾವು ಕಲಿತಿದ್ದೇವೆ. ಎರಡನೆಯದನ್ನು ಮಕ್ಕಳೊಂದಿಗೆ ಮನೆಯಲ್ಲಿ ಕುಳಿತು ಮಾತಾಡಬೇಕಾಗಿದೆ.

ಅಲ್ಲಾಹನು ಆ ತಾಯಿ ಮಗನ ಲೋಪಗಳನ್ನು ಕ್ಷಮಿಸಿ, ಅವರ ಪರಿಶ್ರಮವನ್ನು ಸ್ವೀಕರಿಸಲಿ. ನಮ್ಮ ಮಕ್ಕಳಿಗೆ ವಿದ್ಯೆಯ ಜೊತೆಗೆ ಸತ್ಯ ನುಡಿಯುವ ಧೈರ್ಯವನ್ನೂ ದಯಪಾಲಿಸಲಿ, ಆಮೀನ್.