ನುಂಗುವ ತೊಂದರೆ ಮತ್ತು ಜೋಳದ ಅಂಬಲಿ: ಧಾರವಾಡದ ಹಳ್ಳಿಗಳ ಊಟವನ್ನು ಕುರಿತು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಎಲ್ಲರ ಕಣ್ಣು ಕೈನಡುಕದ ಕಡೆಗೆ ಹೋಗುತ್ತದೆ. ಗಂಟಲಿನ ವಿಚಾರಣೆ ಆಗುವುದು ತೀರ ತಡವಾಗಿ. 1817ರಲ್ಲಿ ಕಾಯಿಲೆಯನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್, ಜೊಲ್ಲು ಸೋರುವುದನ್ನೂ ತುತ್ತು ಇಳಿಯದಿರುವುದನ್ನೂ ಅದೇ ಪ್ರಬಂಧದಲ್ಲಿ ದಾಖಲಿಸಿದ್ದ. ತುತ್ತು, ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು; ಇಂದಿಗೂ ಈ ರೋಗಿಗಳ ಸಾವಿಗೆ ಅದು ಒಂದು ಮುಖ್ಯ ಕಾರಣ.

ಉಣ್ಣುವಾಗ ಹಿರಿಯರಿಗೆ ಕೆಮ್ಮು ಬಂದರೆ ನವಲಗುಂದ, ಅಣ್ಣಿಗೇರಿ ಕಡೆಯ ಮನೆಗಳಲ್ಲಿ "ನೆತ್ತಿಗೇರಿತು, ಯಾರೋ ನೆನಿಸ್ಯಾರ" ಎಂದು ತಲೆ ತಟ್ಟಿ, "ಒಂದ್ ಗುಟುಕು ನೀರ ಕುಡೀರಿ" ಎನ್ನುತ್ತಾರೆ. ನರಕೋಶಗಳು ಸವೆಯುವ ಕಾಯಿಲೆಯವರಿಗೆ ಆ ನೀರೇ ಅಪಾಯ. ನುಂಗುವಾಗ ಉಸಿರು ತಡೆದು, ಧ್ವನಿಪೆಟ್ಟಿಗೆ ಮೇಲೇರಿ, ಶ್ವಾಸನಾಳದ ಬಾಯಿ ಮುಚ್ಚಬೇಕು. ಎಲ್ಲವೂ ಸುಮಾರು ಒಂದು ಸೆಕೆಂಡಿನೊಳಗೆ. ಸ್ನಾಯುಗಳು ನಿಧಾನವಾದಾಗ ನೀರು ಅದಕ್ಕೂ ಮೊದಲೇ ಶ್ವಾಸನಾಳಕ್ಕೆ ಜಾರಿರುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ: ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಉಂಡ ಮೇಲೆ ದನಿ ಗೊರಗೊರ ಎನ್ನುತ್ತದೆಯೇ, ರೊಟ್ಟಿ ಬಿಟ್ಟು ಎಷ್ಟು ದಿನವಾಯಿತು.

ಖಡಕ್ ರೊಟ್ಟಿಯ ಚೂರು, ಶೇಂಗಾ ಚಟ್ನಿಪುಡಿ ಗಂಟಲಲ್ಲಿ ಚದುರುತ್ತವೆ. ಕಲಘಟಗಿಯ ಭತ್ತದ ಸೀಮೆಯ ತೊಡಕು ಬೇರೆ: ತಿಳಿಸಾರು ಮುಂದೋಡಿ ಅಗುಳು ಹಿಂದುಳಿಯುತ್ತದೆ. ಇವೆರಡಕ್ಕೂ ನಡುವೆ ಅಂಬಲಿ, ಗಂಜಿ, ನುಚ್ಚು ಇವೆ. ಪಾನೀಯವನ್ನು ಮಂದಗೊಳಿಸುವ ಡಬ್ಬಿಯ ಪುಡಿ ಬರೆದುಕೊಡುವ ಮೊದಲು ಇವನ್ನು ಅಳೆಯಬೇಕೆಂಬುದು ನನ್ನ ವಾದ.

ಅಳತೆ ಕಷ್ಟವಲ್ಲ. ಐಡಿಡಿಎಸ್‌ಐ ಎಂಬ ಅಂತಾರಾಷ್ಟ್ರೀಯ ಕ್ರಮದಲ್ಲಿ ಆಹಾರ, ಪಾನೀಯಗಳಿಗೆ 0ಯಿಂದ 7ರವರೆಗೆ ಹಂತಗಳಿವೆ. ಸೊನ್ನೆಯಿಂದ 10 ಮಿ.ಲೀ. ಗುರುತಿನವರೆಗೆ 61.5 ಮಿ.ಮೀ. ಉದ್ದವಿರುವ ಸಿರಿಂಜಿಗೆ ಅಂಬಲಿ ತುಂಬಿ, 10 ಸೆಕೆಂಡು ಸುರಿಯಬಿಟ್ಟು ಉಳಿದದ್ದನ್ನು ನೋಡಬೇಕು: 1ರಿಂದ 4 ಮಿ.ಲೀ. ಉಳಿದರೆ 1ನೇ ಹಂತ, 4ರಿಂದ 8 ಆದರೆ 2ನೆಯದು, 8ಕ್ಕಿಂತ ಹೆಚ್ಚಾದರೆ 3ನೆಯದು. ಆದರೆ ಅಂಬಲಿ ಆರಿದಂತೆ ಗಟ್ಟಿಯಾಗುತ್ತದೆ. ಎಂಜಲು ಚಮಚ ಬಟ್ಟಲಿಗೆ ಬಿದ್ದರೆ ಜೊಲ್ಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ತೆಳುವಾಗಿಸುತ್ತದೆ. ಹಾಗಾಗಿ ಕುಡಿಸುವ ಬಿಸಿಯಲ್ಲೇ ಅಳೆಯಬೇಕು, ಸ್ವಲ್ಪಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳಬೇಕು. ಗಟ್ಟಿಯಾದಷ್ಟೂ ಒಳ್ಳೆಯದೆಂದೂ ಅಲ್ಲ: ಅತಿ ಮಂದವಾದದ್ದು ಗಂಟಲಲ್ಲೇ ಉಳಿಯುತ್ತದೆ, ಕುಡಿಯುವ ಪ್ರಮಾಣ ತಗ್ಗಿ ದೇಹದ ನೀರಿನಂಶ ಇಳಿಯುತ್ತದೆ.

ಯಾರಿಗೆ ಯಾವ ಹಂತ ಎಂಬುದನ್ನು ವಾಕ್-ಶ್ರವಣ ತಜ್ಞರೇ ಹೇಳಬೇಕು. ಬೇರಿಯಂ ಬೆರೆಸಿ ನುಂಗಿಸಿ ಎಕ್ಸ್‌ರೇಯಲ್ಲಿ ನೋಡುವ ವಿಡಿಯೊಫ್ಲೋರೊಸ್ಕೋಪಿಗೆ ಜೋಳದ ಅಂಬಲಿ, ನುಚ್ಚನ್ನೇ ಬಳಸಿದರೆ ರೋಗಿ ಮನೆಯಲ್ಲಿ ಉಣ್ಣುವುದನ್ನೇ ಪರೀಕ್ಷಿಸಿದಂತಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಕೂಡಿ, ಮನೆಯ ಯಾವ ಊಟ ಯಾವ ಹಂತದ್ದು ಎಂಬ ಕೋಷ್ಟಕ ಸಿದ್ಧಪಡಿಸಿದರೆ ಆಶಾ ಕಾರ್ಯಕರ್ತೆಯರ ಕೈಗೆ ಕೊಡಬಹುದು. ಅದರಲ್ಲಿ ಮಾತ್ರೆ, ಊಟದ ವೇಳೆಯೂ ಇರಲಿ. ಸುಗ್ಗಿಯಲ್ಲಿ ಮನೆಮಂದಿ ಹೊಲಕ್ಕೆ ಹೊರಡುವ ಅವಸರದಲ್ಲಿ ಮಾತ್ರೆ, ಊಟ ಒಟ್ಟಿಗೇ ಮುಗಿಯುತ್ತವೆ. ವೈದ್ಯರನ್ನು ಕೇಳಿ ಪಾರ್ಕಿನ್ಸನ್ ಮಾತ್ರೆಯಾದ ಲೆವೊಡೋಪವನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಟ್ಟರೆ, ಮೈ ಸಡಿಲಾದ ಹೊತ್ತಿನಲ್ಲಿ ಹಿರಿಯರು ನೆಟ್ಟಗೆ ಕೂತು ಉಣ್ಣಬಲ್ಲರು.