ವಠಾರದ ವಿಭಜನೆ: ಬೆಂಗಳೂರಿನ ಬಾಡಿಗೆಮನೆಗಳ ಚರಿತ್ರೆಯಲ್ಲಿ ಒಂದು ಪ್ರಕರಣ

ಬೆಂಗಳೂರಿನ ಹಳೆಯ ಬಡಾವಣೆಗಳ ಚರಿತ್ರೆಯನ್ನು ಹೇಳುವಾಗ ಬೀದಿ, ಉದ್ಯಾನ, ದೇವಾಲಯಗಳನ್ನು ವರ್ಣಿಸುವುದು ರೂಢಿ. ಒಂದೇ ನಿವೇಶನದ ಒಳಗೆ ನಡೆದ ಚರಿತ್ರೆಯೂ ಉಂಟು. ಅದನ್ನು ನಾವು ಇಲ್ಲಿ ಪರಿಶೀಲಿಸಲುದ್ದೇಶಿಸಿದ್ದೇವೆ.

ಚಾಮರಾಜಪೇಟೆಯ ನಿರ್ಮಾಣವು 1892ರಲ್ಲಿ ಆರಂಭವಾಯಿತು. 1898ರಲ್ಲಿ ಪ್ಲೇಗು ಹಬ್ಬಿದ ಸಂದರ್ಭದಲ್ಲಿ ಬಸವನಗುಡಿಯೂ ಮಲ್ಲೇಶ್ವರವೂ ರೂಪುಗೊಂಡವು. ಗಾಳಿ ಬೆಳಕುಗಳಿಗೆಂದು ಬಿಟ್ಟಿದ್ದ ಹಿತ್ತಲುಗಳಲ್ಲಿ ಎಷ್ಟೋ ಕಡೆ ಮುಂದೆ ಬಾಡಿಗೆಯ ಸಾಲುಮನೆಗಳು ಎದ್ದವೆಂಬುದು ವಿಚಿತ್ರವಾದರೂ ನಿಜ. ಮುಂದೆ ಯಜಮಾನರ ಮನೆ, ಪಕ್ಕದಲ್ಲಿ ಓಣಿ, ಹಿಂದೆ ಒಂದಕ್ಕೊಂದು ಗೋಡೆ ಹಂಚಿಕೊಂಡ ಬಿಡಾರಗಳು, ಎಲ್ಲರಿಗೂ ಒಂದು ಬಾವಿ: ಇದೇ ವಠಾರ. ಖಾತೆ ಒಂದೇ, ಚಕ್ಕುಬಂದಿಯೂ ಒಂದೇ.

ಯಜಮಾನರು ತೀರಿಕೊಂಡು ಮಕ್ಕಳು ಪಾಲಿಗೆ ನಿಂತಾಗ ತೊಡಕು ಮೊದಲಾಗುತ್ತಿತ್ತು. ಮನೆಗಳನ್ನು ಎಣಿಸಿ ಹಂಚುವುದು ಸುಲಭ. ಓಣಿಯನ್ನೂ ಬಾವಿಯನ್ನೂ ಹಂಚುವುದು ಹೇಗೆ? ಹಿಂದಿನ ಮನೆಗೆ ಹೋಗಲು ಮುಂದಿನ ಪಾಲಿನ ನೆಲವನ್ನೇ ತುಳಿಯಬೇಕು. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 13ನೆಯ ಪ್ರಕರಣವು ಇಂಥ ಅನಿವಾರ್ಯವಾದ ದಾರಿಯ ಹಕ್ಕನ್ನು ಪಾಲುದಾರನಿಗೆ ಕೊಡುತ್ತದೆ. ಕಣ್ಣಿಗೆ ಕಾಣುವಂತೆ ನಿರಂತರವಾಗಿ ನಡೆದುಬಂದ ಅನುಭೋಗವನ್ನೂ, ಉದಾಹರಣೆಗೆ ಕಿಟಕಿಯ ಬೆಳಕನ್ನು, ಅದೇ ಪ್ರಕರಣ ರಕ್ಷಿಸುತ್ತದೆ. ಆದರೆ ಬಾವಿಯ ನೀರನ್ನು ಮನುಷ್ಯನೇ ಸೇದಬೇಕಾದುದರಿಂದ ಅದು ಕಾಯಿದೆಯ ಅರ್ಥದಲ್ಲಿ ನಿರಂತರವಲ್ಲ. ಹೆಸರಘಟ್ಟದ ನೀರು 1896ರಲ್ಲೇ ನಗರಕ್ಕೆ ಬಂದಿತ್ತು. ಮನೆಗೆ ಕೊಳಾಯಿ ಬಂದ ಮೇಲೆ ಬಾವಿಯನ್ನು ಅನಿವಾರ್ಯವೆನ್ನುವುದೂ ಕಷ್ಟ. ಆದಕಾರಣ ಪಾಲುಪತ್ರದಲ್ಲಿ 'ಬಾವಿ ಉಭಯತ್ರರದು' ಎಂಬೊಂದು ಮಾತು ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ತಲೆಮಾರಿನ ಸೌಹಾರ್ದವೇ ನಿಂತಿತ್ತೆಂದರೆ ಅತಿಶಯೋಕ್ತಿಯಲ್ಲ.

ಒಪ್ಪಂದವಾಗದಿದ್ದರೆ ನ್ಯಾಯಾಲಯವೇ ಗತಿ. ಸೊತ್ತನ್ನು ಯುಕ್ತವಾಗಿ ಭಾಗಿಸಲಾಗದೆ, ಮಾರಿ ಹಣ ಹಂಚುವುದೇ ಲೇಸೆಂದು ಕಂಡಲ್ಲಿ, ಅರ್ಧಕ್ಕೆ ಕಡಮೆಯಿಲ್ಲದ ಪಾಲುಳ್ಳವರ ಕೋರಿಕೆಯ ಮೇರೆಗೆ ಮಾರಾಟವನ್ನು ಆಜ್ಞಾಪಿಸಲು 1893ರ ವಿಭಾಗ ಕಾಯಿದೆ ಅವಕಾಶವಿತ್ತಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ನಿವೇಶನದ ಉಪವಿಭಜನೆಗೆ ಯೋಜನಾ ಪ್ರಾಧಿಕಾರದ ಅನುಮೋದನೆಯನ್ನು ವಿಧಿಸಿತು. ಕಾಗದದ ಪಾಲಿಗೂ ನೆಲದ ಪಾಲಿಗೂ ಅಂತರ ಹೆಚ್ಚಿತು.

ಇಷ್ಟರಲ್ಲಿ ಬಾಡಿಗೆದಾರನನ್ನು ಕೇಳಿದವರು ಯಾರು? ಒಡೆತನ ಬದಲಾದ ಮಾತ್ರಕ್ಕೆ ಅವನ ಬಾಡಿಗೆಯ ಹಕ್ಕು ಅಳಿಯದು. ಆದರೆ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಡಿ ಮಾಲೀಕನು ಸ್ವಂತ ವಾಸಕ್ಕೆ ನಿಜವಾಗಿಯೂ ಬೇಕೆಂದು ತೋರಿಸಿ ಮನೆಯನ್ನು ಬಿಡಿಸಿಕೊಳ್ಳಬಹುದಾಗಿತ್ತು. ಹಲವು ಮನೆಗಳ ಒಬ್ಬ ಯಜಮಾನನಿಗಿಂತ ಒಂದೇ ಮನೆ ಪಾಲಿಗೆ ಬಂದ ತಮ್ಮನಿಗೆ ಈ ವಾದ ಎಷ್ಟು ಸುಲಭವೆಂಬುದನ್ನು ವಿವರಿಸಬೇಕಾಗಿಲ್ಲ. ವಠಾರಗಳು ಬರಿದಾದುದಕ್ಕೆ ನೆಲದ ಬೆಲೆಯನ್ನು ಮಾತ್ರ ಕಾರಣವೆನ್ನುವವರು ಈ ಪಾಲುಪತ್ರಗಳನ್ನೂ ಓದಬೇಕೆಂದು ನಮ್ಮ ಮತ. 2001ರ ಡಿಸೆಂಬರ್ 31ರಂದು ಹೊಸ ಬಾಡಿಗೆ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಎಷ್ಟೋ ಓಣಿಗಳ ನಡುವೆ ಗೋಡೆ ಎದ್ದಾಗಿತ್ತು, ಬಾವಿಗಳು ಮುಚ್ಚಿದ್ದವು.