ಸೂಲಗಿತ್ತಿಗೆ ಗೊತ್ತಿದ್ದದ್ದು, ಗ್ರೂಪಿಗೆ ಗೊತ್ತಾಗಿದ್ದು

ಬಾಣಂತಿಗೆ ಹಾಲು ಸಾಲುತ್ತಿಲ್ಲ ಅನ್ನೋ ವಿಷಯ ಒಂದು ಕಾಲದಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತಿತ್ತು? ಅವಳ ಅವ್ವನಿಗೆ, ಸೂಲಗಿತ್ತಿಗೆ, ಹೆಚ್ಚೆಂದರೆ ಪಕ್ಕದ ಮನೆಯ ಅಜ್ಜಿಗೆ. ಈಗ ಅದೇ ಮಾತು ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ನೂರಾರು ಜನ ಓದಿರುತ್ತಾರೆ. ಅದರಲ್ಲಿ ಮುಖ ಪರಿಚಯ ಇರೋರು ಎಷ್ಟು ಜನ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಕೆಲಸಕ್ಕೆ ಅಂತ ಬೆಂಗಳೂರು ಸೇರಿದವರಿಗೆ ಈ ಎರಡೂ ಲೋಕ ಗೊತ್ತು. ಹೆರಿಗೆಗೆ ತವರಿಗೆ ಹೋಗುತ್ತಾರೆ. ಅಲ್ಲಿ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು, ಹೊರಗಿನಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು, ಮಗು ದಪ್ಪಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳಬಾರದು. ಇದನ್ನ ಮೂಢನಂಬಿಕೆ ಅನ್ನಿ, ತಕರಾರಿಲ್ಲ. ಆದರೆ ಮಗುವನ್ನು ಯಾರು ನೋಡಬಹುದು, ಯಾವಾಗ ನೋಡಬಹುದು, ನೋಡಿದವರು ಏನು ಆಡಬಹುದು ಅನ್ನೋದಕ್ಕೆ ಊರಿನಲ್ಲಿ ಒಂದು ನಿಯಮ ಇತ್ತು ಅನ್ನೋದೂ ನಿಜ. ತಮಾಷೆ ಏನಂದ್ರೆ, ಅದೇ ದೃಷ್ಟಿಬೊಟ್ಟಿನ ಮಗುವಿನ ಫೋಟೋ ಈಗ ಸ್ಟೇಟಸ್ಸಿನಲ್ಲಿರುತ್ತದೆ.

ಆ ಹಳೆಯ ನಿಯಮದ ನಡುವೆ ಇದ್ದವಳು ಸೂಲಗಿತ್ತಿ. ಚಿತ್ರದುರ್ಗ ಜಿಲ್ಲೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ನೆನಪಿರಬಹುದು. ದುಡ್ಡು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ವಿದ್ಯೆ ಕಲಿತದ್ದು ಅಜ್ಜಿಯಿಂದ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹದಿನೈದು ಸಾವಿರ ಹೆರಿಗೆ ಅಂದರೆ ಅಷ್ಟೂ ಮನೆಗಳ ಒಳಮಾತು. ಯಾವ ಕೂಸು ಉಳಿಯಲಿಲ್ಲ, ಯಾವ ಅತ್ತೆ ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸಿದಳು, ಯಾವ ಬಸುರಿಗೆ ಹೊಟ್ಟೆಗೆ ಸರಿಯಾಗಿ ಹಾಕಿರಲಿಲ್ಲ, ಎಲ್ಲ ಇಂಥ ಹೆಂಗಸಿನ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಿದ ಸೂಲಗಿತ್ತಿಯನ್ನು ಮುಂದಿನ ಹೆರಿಗೆಗೆ ಯಾರು ಕರೆಯುತ್ತಾರೆ? ಅವಳ ಬಾಯಿಗೆ ಬೀಗ ಹಾಕಿದ್ದು ಒಳ್ಳೆಯತನವೊಂದೇ ಅಲ್ಲ, ಊರಲ್ಲಿ ನಾಳೆಯೂ ಬಾಳಬೇಕಾದ ಅಗತ್ಯ.

ಹಾಗಂತ ಹಳೇದೆಲ್ಲ ಚೆನ್ನ ಅಂತ ಹೇಳ್ತಿಲ್ಲ. ಇದೇ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಎಳೆಕೂಸಿನ ಸಮೇತ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಡುವ ಪದ್ಧತಿ ಇತ್ತು, ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿಯ ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿದ್ದ ಕೂಸೊಂದು ತೀರಿಕೊಂಡಿತು. ಒಬ್ಬಂಟಿ ಇರುವುದು ಬೇರೆ, ಒಬ್ಬಂಟಿ ಮಾಡುವುದು ಬೇರೆ. ಅಲ್ಲಿ ಇಡೀ ಹಟ್ಟಿಗೆ ಅವಳ ಮೈಯ ಲೆಕ್ಕ ಗೊತ್ತು. ಅವಳ ಮಾತು ಮಾತ್ರ ಯಾರಿಗೂ ಬೇಡ.

ಆಮೇಲೆ ಲೆಕ್ಕ ಸರ್ಕಾರದ ಕೈಗೆ ಹೋಯಿತು. ಜನನ ನೋಂದಣಿಗೆ 1969ರ ಕಾಯ್ದೆ ಬಂತು, 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಜೊತೆಗೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ತಾಯಿ ಕಾರ್ಡ್. ಹೆರಿಗೆ ಆಸ್ಪತ್ರೆಗೆ ಬಂದದ್ದರಿಂದ ಜೀವ ಉಳಿದಿವೆ, ಅದರ ಮುಂದೆ ಬೇರೆ ವಾದ ಬೇಡ. ಆದರೆ ಸೂಲಗಿತ್ತಿಯ ನೆನಪಿನಲ್ಲಿದ್ದದ್ದು ಕಾಗದಕ್ಕೆ ಬಂತು, ಅಲ್ಲಿಂದ ಕಂಪ್ಯೂಟರಿಗೆ. ಇದರ ಮುಂದಿನ ಘಟ್ಟವಾದ ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಎಂಬತ್ತು ದಾಟಿದ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿತು.

ಅದಾಗಿ ವರ್ಷ ತುಂಬುವ ಮೊದಲೇ ಇನ್ನೊಂದು ಕಥೆ ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಫಾರ್ವರ್ಡ್ ಕರ್ನಾಟಕದ ಫೋನುಗಳಲ್ಲಿ ಓಡಾಡಿತು. ಅದರ ಜೊತೆ ತಿರುಗಿದ ವಿಡಿಯೋ ಕರಾಚಿಯದು, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಹೇಳಲು ಮಾಡಿದ್ದು. ಕೊನೆಯ ಭಾಗ ಕತ್ತರಿಸಿದ್ದರಿಂದ ನಿಜವಾದ ಅಪಹರಣದಂತೆ ಕಂಡಿತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಬಂದ ಒಬ್ಬ ಕೂಲಿಯವನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬ ಸತ್ತ. ಅವನ ಜೊತೆಗಾರ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಬಂಧಿತರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು.

ಆ ಫಾರ್ವರ್ಡನ್ನು ಕಳಿಸಿದವರೆಲ್ಲ ಕೆಟ್ಟವರಲ್ಲ ಅನ್ನೋದು ನನ್ನ ನಂಬಿಕೆ. ಬಹಳಷ್ಟು ಜನ ಹೆದರಿದ ಅಪ್ಪ ಅಮ್ಮಂದಿರು. ಗ್ರೂಪಿನಲ್ಲಿ ಬಂದದ್ದು, ಗೊತ್ತಿರೋರು ಹಾಕಿದ್ದು, ಮಕ್ಕಳ ವಿಷಯ ಬೇರೆ. ಮಗುವಿಗೆ ಜ್ವರ ಬಂದಾಗ ಉತ್ತರ ಕೊಟ್ಟ ಗ್ರೂಪನ್ನೇ ಆ ಹೊತ್ತಿನಲ್ಲೂ ನಂಬಿದರು.

ಗ್ರೂಪು ಬೇಡ ಅನ್ನೋ ಧೈರ್ಯ ನನಗಿಲ್ಲ. ಇಬ್ಬರೇ ಇರುವ ಮನೆಯಲ್ಲಿ ರಾತ್ರಿ ಎರಡಕ್ಕೆ ಇನ್ಯಾರನ್ನ ಎಬ್ಬಿಸೋದು? ಆದರೆ 2016ರಿಂದ ಎನ್‌ಕ್ರಿಪ್ಷನ್ ಇದೆಯಲ್ಲ ಅನ್ನೋ ಸಮಾಧಾನ ದಾರಿಯಲ್ಲಿ ಕದಿಯುವವರ ವಿಷಯಕ್ಕಷ್ಟೇ ಸರಿ. ಗ್ರೂಪಿನ ಒಳಗೇ ಕೂತು ಸ್ಕ್ರೀನ್‌ಶಾಟ್ ತೆಗೆಯುವವರಿಗೆ ಅದು ಅಡ್ಡ ಬರುವುದಿಲ್ಲ. ಒಂದು ಗ್ರೂಪಿನಲ್ಲಿ 1,024 ಜನ ಇರಬಹುದು. ಸೂಲಗಿತ್ತಿಗಿದ್ದಂತೆ ಕಳೆದುಕೊಳ್ಳಲು ಏನಾದರೂ ಇರೋರು ಅವರಲ್ಲಿ ಯಾರು?

ಕಾನೂನೂ ಇಲ್ಲಿ ವಿಚಿತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನವರ ಮಾಹಿತಿ ಬಳಸಲು ಕಂಪನಿಗಳು ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಆ ಕಾಯ್ದೆಯೇ ಅನ್ವಯಿಸೋದಿಲ್ಲ. ಅಂದರೆ ಮಗುವಿನ ಗುಟ್ಟಿಗೆ ಕಾವಲಿಟ್ಟಿರುವುದು ಅಪ್ಪ ಅಮ್ಮನನ್ನೇ, ಗ್ರೂಪಿಗೆ ಫೋಟೋ ಹಾಕುವವರೂ ಅವರೇ.

2018ರಲ್ಲಿ ಹುಟ್ಟಿದ ಕೂಸಿಗೆ 2036ರಲ್ಲಿ ಹದಿನೆಂಟು ತುಂಬುತ್ತದೆ. ಆಧಾರ್ ಬೇಡ ಅನಿಸಿದರೆ ಆರು ತಿಂಗಳೊಳಗೆ ರದ್ದು ಮಾಡಿಸಿಕೊಳ್ಳಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹೊಳಲ್ಕೆರೆಯ ಅಜ್ಜಿಮನೆಯಲ್ಲಿ ಎಣ್ಣೆನೀರು ಹಾಕುವಾಗ ತೆಗೆದು ಗ್ರೂಪಿಗೆ ಹಾಕಿದ ಫೋಟೋ ಅಷ್ಟು ಹೊತ್ತಿಗೆ ಯಾರ್ಯಾರ ಫೋನಿನಲ್ಲಿ ಇರುತ್ತದೋ, ಅದನ್ನು ರದ್ದು ಮಾಡಿಸಲು ಅರ್ಜಿ ಯಾರಿಗೆ ಕೊಡಬೇಕೋ.